ಐಕಿಡೊ: ಎದುರಿನವರು ತಾವಾಗಿಯೇ ಬೀಳುತ್ತಾರೆಯೇ?

ಪ್ರಶ್ನೆ: ನನಗೆ 44 ವರ್ಷ. ಉಡುಪಿಯ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಹುಡುಗಿಯಾಗಿದ್ದಾಗ ಕರಾಟೆಯಲ್ಲಿ ಕಂದು ಬೆಲ್ಟಿನವರೆಗೆ ಕಲಿತು, ಮದುವೆಯಾದ ಮೇಲೆ ಬಿಟ್ಟೆ. ಈಗ ಮಗಳು ಕರಾಟೆ ಸ್ಪರ್ಧೆಗಳಲ್ಲಿ ಪದಕ ತರುತ್ತಿದ್ದಾಳೆ. ಇತ್ತೀಚೆಗೆ ಮಂಗಳೂರಿನಲ್ಲಿ ಐಕಿಡೊ ಎಂಬ ಜಪಾನಿ ಸಮರಕಲೆಯ ಅಭ್ಯಾಸ ನೋಡಿ ನನಗೂ ಮತ್ತೆ ಕಲಿಯುವ ಆಸೆಯಾಗಿದೆ. ಆದರೆ ನನ್ನ ಮೈದುನ, “ಅದೊಂದು ಕುಣಿತ, ಎದುರಿನವನು ತಾನಾಗಿಯೇ ಬೀಳುತ್ತಾನೆ” ಎನ್ನುತ್ತಾನೆ. ಇದು ನಿಜವೇ? ಈ ವಯಸ್ಸಿನಲ್ಲಿ, ಸ್ವಲ್ಪ ಮಂಡಿನೋವೂ ಇರುವಾಗ ಶುರು ಮಾಡಬಹುದೇ? ಸ್ಪರ್ಧೆಯಿಲ್ಲ, ಪದಕವಿಲ್ಲ, ನಲವತ್ತು ವರ್ಷ ನಿಮ್ಮನ್ನು ಹಿಡಿದಿಟ್ಟದ್ದು ಏನು?

ಉತ್ತರ: ನಿಮ್ಮ ಮೈದುನನ ಮಾತಿನಿಂದಲೇ ಆರಂಭಿಸುತ್ತೇನೆ. ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಏಕೆಂದರೆ ಎದುರಿನವರು ತಾವಾಗಿಯೇ ಬೀಳುವ ಐಕಿಡೊ ನಿಜವಾಗಿಯೂ ಇದೆ. ಗುರುವಿನ ಕೈ ಸೋಕುವ ಮೊದಲೇ ಶಿಷ್ಯ ಹಾರಿ ಬೀಳುತ್ತಾನೆ, ನೋಡುವವರು ಚಪ್ಪಾಳೆ ತಟ್ಟುತ್ತಾರೆ, ಇಬ್ಬರೂ ಕಲಿತದ್ದು ಏನೂ ಇರುವುದಿಲ್ಲ. ನಾನು ಅದನ್ನು ನೋಡಿದ್ದೇನೆ. ಕೆಲವು ವರ್ಷ, ಗೊತ್ತಿಲ್ಲದೆ, ಹಾಗೆಯೇ ಮಾಡಿಯೂ ಇದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ಕರಾವಳಿಯವರಾದ ನಿಮಗೆ ಈ ವಿಷಯವನ್ನು ತಾಳಮದ್ದಲೆಯ ಮೂಲಕ ಹೇಳುವುದು ಸುಲಭ. ವಾಲಿ ಸುಗ್ರೀವರ ಕಾಳಗ ಮುಗಿದಿದೆ. ಮರೆಯಿಂದ ಬಂದ ಬಾಣ ವಾಲಿಯ ಎದೆಯಲ್ಲಿ ನೆಟ್ಟಿದೆ. ಅವನು ಸಾಯುತ್ತಾನೆಂದು ಕೂಟದಲ್ಲಿ ಕುಳಿತ ಮಕ್ಕಳಿಗೂ ಗೊತ್ತು. ಆದರೂ ಹೊರಗೆ ಮಳೆ ಹೊಯ್ಯುತ್ತಿರುವ ರಾತ್ರಿ ನಾವು ಗಂಟೆಗಟ್ಟಲೆ ಅಲುಗಾಡದೆ ಕೂರುವುದು, ಬಿದ್ದಿರುವ ವಾಲಿ ನಿಂತಿರುವ ರಾಮನನ್ನು ಕೇಳುವ ಪ್ರಶ್ನೆಗಳಿಗಾಗಿ. ವಾಲಿಯ ಅರ್ಥಧಾರಿ ರಾಮನ ಮೊದಲ ಮಾತಿಗೇ ತಲೆಯಾಡಿಸಿ ಒಪ್ಪಿಬಿಟ್ಟರೆ ಕೂಟ ಅಲ್ಲಿಗೇ ಕೆಟ್ಟಿತು. ರಾಮನನ್ನು ಸೋಲಿಸಿಯೇ ತೀರುತ್ತೇನೆಂದು ಪ್ರಸಂಗದ ದಾರಿ ಬಿಟ್ಟು ಎಳೆದಾಡಿದರೂ ಕೆಟ್ಟಿತು. ಕೊನೆ ಏನೆಂದು ಎಲ್ಲರಿಗೂ ಗೊತ್ತಿರುವಾಗ ಪ್ರತಿಯೊಂದು ಪ್ರಶ್ನೆಯೂ ನಿಜವಾದ ಪ್ರಶ್ನೆಯಾಗಿರಬೇಕು, ಇಲ್ಲದಿದ್ದರೆ ಉತ್ತರಕ್ಕೆ ಬೆಲೆಯಿಲ್ಲ.

ಐಕಿಡೊದಲ್ಲಿ ಆ ವಾಲಿಯ ಪಾತ್ರಕ್ಕೆ ‘ಉಕೆ’ ಎಂದು ಹೆಸರು. ಎಸೆಯುವವರು ‘ನಾಗೆ’. ‘ಉಕೆರು’ ಎಂದರೆ ಜಪಾನಿ ಭಾಷೆಯಲ್ಲಿ ಸ್ವೀಕರಿಸು, ‘ಮಿ’ ಎಂದರೆ ದೇಹ. ಬೀಳುವ ಕಲೆಯನ್ನು ‘ಉಕೆಮಿ’ ಎನ್ನುವುದು ಇದರಿಂದ. ಇಬ್ಬರೂ ಸರದಿಯಲ್ಲಿ ಪಾತ್ರ ಬದಲಾಯಿಸುತ್ತಾರೆ, ಹಾಗಾಗಿ ನಿಮ್ಮ ಅಭ್ಯಾಸದ ಅರ್ಧ ಕಾಲ ನೀವು ಬೀಳುವವರೇ. ಹೊಸಬರು ಆ ಅರ್ಧವನ್ನು ತೆರಬೇಕಾದ ಸುಂಕವೆಂದು ತಿಳಿಯುತ್ತಾರೆ. ಕಲಿಕೆ ನಡೆಯುವುದು ಹೆಚ್ಚಾಗಿ ಅಲ್ಲಿಯೇ.

ಮತ್ತೊಮ್ಮೆ ಅಭ್ಯಾಸ ನೋಡಲು ಹೋದಾಗ ಎಸೆಯುವವರನ್ನು ಬಿಟ್ಟು ಹಿಡಿಯುವವರ ಪಾದಗಳನ್ನು ನೋಡಿ. ಮಣಿಕಟ್ಟನ್ನು ಹಿಡಿದ ಉಕೆಯ ಭಾರ ಹಿಡಿತದೊಳಗೆ ಇದೆಯೇ, ಅಥವಾ ಆಗಲೇ ಹಿಮ್ಮಡಿಗೆ ಸರಿದು ಬೀಳುವ ಸಿದ್ಧತೆಯಲ್ಲಿದೆಯೇ? ನಾಗೆ ತಿರುಗಿದಾಗ ಉಕೆಯ ಕಣ್ಣು ಅವರ ಮೇಲೆಯೇ ಇದೆಯೇ? ಇನ್ನೊಂದು ಕೈ ತನ್ನ ಮುಖವನ್ನು ಕಾಯುತ್ತಿದೆಯೇ? ಒಳ್ಳೆಯ ಉಕೆ ತನ್ನ ಸಮತೋಲವನ್ನು ಕೊನೆಯ ಕ್ಷಣದವರೆಗೂ ಮರಳಿ ಪಡೆಯಲು ನೋಡುತ್ತಿರುತ್ತಾರೆ, ಅದು ಸಾಧ್ಯವಿಲ್ಲವೆಂದು ದೇಹಕ್ಕೆ ತಿಳಿದಾಗ ಬೀಳುತ್ತಾರೆ. ‘ಕೊತೆಗಾಯೆಶಿ’ ಎಂಬ ಪಟ್ಟಿನಲ್ಲಿ ಮಣಿಕಟ್ಟು ಹೊರಕ್ಕೆ ತಿರುಚಿಕೊಳ್ಳುತ್ತದೆ. ಅದರ ದಿಕ್ಕಿನಲ್ಲಿ ದೇಹ ಹೋಗದೆ ನಿಂತರೆ ಕೀಲಿನ ಅಸ್ಥಿರಜ್ಜು ಹರಿಯಬಹುದು. ಆ ಬೀಳುವಿಕೆ ಪಾರಾಗುವ ದಾರಿ. ಹೊರಗಿನಿಂದ ನೋಡುವವರಿಗೆ ಅದು ಹಾರಿದಂತೆ ಕಾಣುತ್ತದೆ, ನಿಮ್ಮ ಮೈದುನನಿಗೆ ಕಂಡದ್ದು ಬಹುಶಃ ಇದು.

ಹೊಡೆದಾಟದಲ್ಲಿ ಯಾರು ಮಣಿಕಟ್ಟು ಹಿಡಿಯುತ್ತಾರೆ ಎಂದೂ ಕೇಳುತ್ತಾರೆ. ಕತ್ತಿ ಸೊಂಟದಲ್ಲಿದ್ದ ಕಾಲದಲ್ಲಿ ಅದನ್ನು ಸೆಳೆಯುವ ಕೈಯನ್ನು ಹಿಡಿಯುವುದು ಪ್ರಾಣದ ಪ್ರಶ್ನೆಯಾಗಿತ್ತು. ತಲೆಯ ಮೇಲಿನಿಂದ ಕೈಯ ಅಂಚಿನಿಂದ ಹೊಡೆಯುವ ‘ಶೋಮೆನ್‌ಉಚಿ’ಯೂ ಕತ್ತಿಯ ಬೀಸಿನ ಗುರುತನ್ನು ಹೊತ್ತಿದೆ. ಇಂದಿಗೂ ನಾವು ‘ಬೊಕ್ಕೆನ್’ ಎಂಬ ಮರದ ಕತ್ತಿ ಮತ್ತು ‘ಜೋ’ ಎಂಬ ಕೋಲನ್ನು ಹಿಡಿದು ಅಭ್ಯಾಸ ಮಾಡುವುದು ಇದೇ ಕಾರಣಕ್ಕೆ. ಬರಿಗೈಯ ಪಟ್ಟುಗಳ ತರ್ಕ ಅರ್ಥವಾಗುವುದು ಕತ್ತಿ ಹಿಡಿದಾಗ. ಹಾಗೆಂದು ನಿಮಗೆ ಮೂರು ತಿಂಗಳಲ್ಲಿ ಬೀದಿಯ ಆತ್ಮರಕ್ಷಣೆ ಬೇಕಿದ್ದರೆ ಜೂಡೊಗೋ ಬಾಕ್ಸಿಂಗಿಗೋ ಸೇರಿ. ಐಕಿಡೊ ನಿಧಾನದ ವಿದ್ಯೆ. ಇದನ್ನು ಮರೆಮಾಡಿ ಶಿಷ್ಯರನ್ನು ಸೇರಿಸಿಕೊಳ್ಳುವುದು ಮೋಸವೆಂದೇ ನನ್ನ ಭಾವನೆ.

ಈ ವಿದ್ಯೆಯ ಹುಟ್ಟು ಮೃದುವಾದ ನೆಲದಲ್ಲಿ ಆಗಲಿಲ್ಲ. ಇದನ್ನು ರೂಪಿಸಿದ ಮೊರಿಹೇ ಉಯೆಶಿಬಾ 1883ರಲ್ಲಿ ಜಪಾನಿನ ವಾಕಾಯಾಮಾ ಪ್ರಾಂತದ ತಾನಾಬೆಯಲ್ಲಿ ಹುಟ್ಟಿದರು. ಐದು ಅಡಿಗಿಂತ ಸ್ವಲ್ಪವೇ ಹೆಚ್ಚು ಎತ್ತರದ ಮನುಷ್ಯ. 1912ರಲ್ಲಿ ವಲಸಿಗರ ಗುಂಪನ್ನು ಕಟ್ಟಿಕೊಂಡು ಹೊಕ್ಕೈಡೊ ದ್ವೀಪದ ಹಿಮದ ಕಾಡಿಗೆ ಬೇಸಾಯಕ್ಕೆ ಹೋದರು. ಅಲ್ಲಿ 1915ರಲ್ಲಿ ಅವರಿಗೆ ಸಿಕ್ಕಿದವರು ದಾಯಿತೊ-ರ್ಯೂ ಎಂಬ ಜುಜುತ್ಸು (ಬರಿಗೈ ಕಾಳಗದ ಜಪಾನಿ ವಿದ್ಯೆ) ಪಂಥದ ಸೊಕಾಕು ತಾಕೆದಾ, ಕಠೋರ ಗುರು. ಆಗ ಉಯೆಶಿಬಾ ಅವರಿಗೆ 31 ವರ್ಷ. ಜೂಡೊದ ಸ್ಥಾಪಕ ಜಿಗೊರೊ ಕಾನೊ 1930ರಲ್ಲಿ ಅವರ ಅಭ್ಯಾಸ ನೋಡಿ ಮೆಚ್ಚಿ, ತಮ್ಮ ಶಿಷ್ಯರನ್ನೇ ಕಲಿಯಲು ಕಳುಹಿಸಿದರು. ಟೋಕಿಯೊದ ಗಲಭೆ ನಿಗ್ರಹ ಪೊಲೀಸರು ಇಂದಿಗೂ ಕಲಿಯುವುದು ಉಯೆಶಿಬಾ ಅವರ ಶಿಷ್ಯ ಗೊಜೊ ಶಿಯೊದಾ ಕಟ್ಟಿದ ಯೊಶಿನ್‌ಕಾನ್ ಐಕಿಡೊವನ್ನು. ಮೈದುನನಿಗೆ ಇಷ್ಟು ಹೇಳಿದರೆ ಸಾಕು. ಮಹಿಳೆಯರು ಆಗ ಇದ್ದರೇ ಎಂದು ನಿಮಗನ್ನಿಸಬಹುದು. ಇದ್ದರು. 1933ರಲ್ಲಿ ಬಂದ ಪಟ್ಟುಗಳ ಕೈಪಿಡಿಗೆ ಚಿತ್ರ ಬರೆದವರು ತಾಕಾಕೊ ಕುನಿಗೊಶಿ ಎಂಬ ಕಲಾ ವಿದ್ಯಾರ್ಥಿನಿ. ಉಯೆಶಿಬಾ ಅವರ ಡೋಜೋದಲ್ಲಿ, ಅಂದರೆ ಅಭ್ಯಾಸದ ಮನೆಯಲ್ಲಿ, ಗಂಡಸರೊಡನೆ ಸಮಸಮವಾಗಿ ಅಭ್ಯಾಸ ಮಾಡುತ್ತಿದ್ದವರು.

‘ಐಕಿಡೊ’ ಎಂಬ ಹೆಸರು ಅಧಿಕೃತವಾಗಿ ನಿಂತದ್ದು 1942ರಲ್ಲಿ. ಉಯೆಶಿಬಾ ಅವರಿಗೆ ಆಗ 58. ವಯಸ್ಸಿನ ಬಗೆಗಿನ ನಿಮ್ಮ ಪ್ರಶ್ನೆಗೆ ನಾನು ಈ ಎರಡು ಸಂಖ್ಯೆಗಳನ್ನು ಕೊಡಲು ಇಷ್ಟಪಡುತ್ತೇನೆ: 31 ಮತ್ತು 58. ಮೂರನೆಯದೂ ಒಂದಿದೆ. ಟೋಕಿಯೊದ ಪ್ರಧಾನ ಡೋಜೋದ ನಿಯಮದಂತೆ ಮೊದಲ ದಿನದಿಂದ ಶೋದಾನ್‌ವರೆಗೆ, ಅಂದರೆ ನಾವು ಕಪ್ಪು ಬೆಲ್ಟ್ ಎನ್ನುವುದರವರೆಗೆ, ಬೇಕಾಗುವ ಅಭ್ಯಾಸ ಒಟ್ಟು ಸುಮಾರು 300 ದಿನ. ವಾರಕ್ಕೆ ಎರಡು ದಿನ ತಪ್ಪದೆ ಬಂದರೆ ಮೂರು ವರ್ಷ. ನಿಮಗೆ ಆಗ 47. ‘ಶೋ’ ಎಂಬ ಅಕ್ಷರಕ್ಕೆ ಆರಂಭ ಎಂದೇ ಅರ್ಥ.

ಇನ್ನು ನನ್ನ ಮಾತು. ನೀವು ಕೇಳಿದ ‘ಹಿಡಿದಿಟ್ಟದ್ದು ಏನು’ ಎಂಬುದಕ್ಕೆ ಉತ್ತರ ಒಂದೇ ವಾಕ್ಯದಲ್ಲಿ ಬರುವುದಿಲ್ಲ.

ನಮ್ಮೂರಿನ ಅನೇಕರಂತೆ ನಾನೂ ಹೊಟ್ಟೆಪಾಡಿಗೆ ಮುಂಬಯಿಗೆ ಹೋದವನು. 24ನೆಯ ವಯಸ್ಸಿನಲ್ಲಿ ಫೋರ್ಟಿನ ಒಂದು ಕಚೇರಿಯಲ್ಲಿ ಗುಮಾಸ್ತ. ಸಂಜೆ ದಾದರಿನ ಒಂದು ಶಾಲೆಯ ಸಭಾಂಗಣದಲ್ಲಿ ಜಪಾನಿ ಇಂಜಿನಿಯರರೊಬ್ಬರು ಏಳೆಂಟು ಜನರಿಗೆ ಐಕಿಡೊ ಕಲಿಸುತ್ತಿದ್ದರು. ಅವರಿಗೆ ಹಿಂದಿ ಬಾರದು, ನಮಗೆ ಜಪಾನಿ ಬಾರದು. ಅವರು ನಮ್ಮ ಕೈಯನ್ನು ತಮ್ಮ ಮಣಿಕಟ್ಟಿನ ಮೇಲಿಟ್ಟು, ಹಿಡಿತ ಸಡಿಲವಾಗಿದ್ದರೆ ತಲೆಯಲ್ಲಾಡಿಸಿ, ಇನ್ನೂ ಗಟ್ಟಿಯಾಗಿ ಎಂದು ಸನ್ನೆ ಮಾಡುತ್ತಿದ್ದರು. ಮೂರು ವರ್ಷದ ನಂತರ ಅವರು ಊರಿಗೆ ಮರಳಿದರು. ಉಳಿದ ನಾವು ಮೂವರು ಗೆಳೆಯರು ನೆನಪಿನಲ್ಲಿದ್ದುದನ್ನೇ ಐದು ವರ್ಷ ಅಭ್ಯಾಸ ಮಾಡಿದೆವು. ದಿನದಿನಕ್ಕೂ ನಮ್ಮ ಚಲನೆ ಸುಂದರವಾಗುತ್ತಿತ್ತು. ನಮಗೆ ಬಹಳ ಹೆಮ್ಮೆ.

32ರಲ್ಲಿ, ಕೂಡಿಟ್ಟ ಹಣವನ್ನೆಲ್ಲ ಹಾಕಿ ಮೂರು ವಾರಕ್ಕೆ ಟೋಕಿಯೊಗೆ ಹೋದೆ. ಶಿಂಜುಕುವಿನ ವಾಕಾಮಾತ್ಸು-ಚೊದಲ್ಲಿ ಪ್ರಧಾನ ಡೋಜೋ. ಬೆಳಗ್ಗೆ ಆರೂವರೆಗೆ ಮೊದಲ ತರಗತಿ. ಆ ಜಾಗವನ್ನು ಯುದ್ಧಕಾಲದಲ್ಲಿ ಉಳಿಸಿದವರು ಉಯೆಶಿಬಾ ಅವರ ಮಗ ಕಿಶ್ಶೊಮಾರು. ಬಾಂಬು ದಾಳಿಯಲ್ಲಿ ಸುತ್ತಲಿನ ಮನೆಗಳು ಸುಟ್ಟುಹೋದಾಗ ನಿರಾಶ್ರಿತ ಕುಟುಂಬಗಳು ಆ ಅಭ್ಯಾಸದ ಹಾಸಿನ ಮೇಲೆಯೇ ವಾಸವಾಗಿದ್ದವು. ಯುದ್ಧ ಮುಗಿದ ಮೇಲೆ ಹಗಲು ಒಂದು ಕಂಪೆನಿಯಲ್ಲಿ ದುಡಿದು, ಉಳಿದ ಹೊತ್ತಿನಲ್ಲಿ ಅವರು ಡೋಜೋವನ್ನು ಮತ್ತೆ ಕಟ್ಟಿದರು. ತಂದೆಯ ಪವಾಡದ ಕಥೆಗಳನ್ನು ಎಲ್ಲರೂ ಹೇಳುತ್ತಾರೆ. ನನಗೆ ಹೆಚ್ಚು ಹತ್ತಿರದವರು ಈ ಮಗ. ನಮ್ಮಂಥ ಸಂಬಳದವರೂ ಕಲಿಯಬಹುದಾದ ಐಕಿಡೊ ಉಳಿದದ್ದು ಅವರ ತಾಳ್ಮೆಯಿಂದ.

ಮೊದಲ ಬೆಳಗ್ಗೆ ನನಗೆ ಜೊತೆಯಾದವರು ಎಪ್ಪತ್ತರ ಆಸುಪಾಸಿನ ಒಬ್ಬ ತೆಳ್ಳನೆಯ ಹಿರಿಯರು. ನನ್ನ ಮಣಿಕಟ್ಟು ಹಿಡಿದರು. ನಾನು ನನ್ನ ಸುಂದರ ಚಲನೆಯನ್ನು ಮಾಡಿದೆ. ಅವರು ಅಲ್ಲಿಯೇ ನಿಂತಿದ್ದರು. ತಡೆಯಲಿಲ್ಲ, ಬೀಳಲೂ ಇಲ್ಲ. ಮತ್ತೆ ಮಾಡಿದೆ, ಮತ್ತೆ ನಿಂತಿದ್ದರು, ಮುಖದಲ್ಲಿ ಸ್ವಲ್ಪವೂ ಅಣಕವಿರಲಿಲ್ಲ. ಆಮೇಲೆ ಇನ್ನೊಂದು ಕೈಯ ಒಂದು ಬೆರಳನ್ನು ನನ್ನ ಹೆಗಲ ಮೇಲಿಟ್ಟರು. ನಾನು ಚಲಿಸುವ ಮೊದಲೇ ಆ ಹೆಗಲು ಏರುತ್ತಿತ್ತು. ಅವರ ಕೈಗೆ ಎಲ್ಲವೂ ಮುಂಚಿತವಾಗಿ ತಿಳಿಯುತ್ತಿತ್ತು. ದಾದರಿನಲ್ಲಿ ನಾವು ಮೂವರು ಐದು ವರ್ಷ ಒಬ್ಬರಿಗೊಬ್ಬರು ಕಲಿಸಿದ್ದು ಬೀಳುವ ಸೌಜನ್ಯವನ್ನು ಎಂದು ಅಂದು ಗೊತ್ತಾಯಿತು. ನಾವು ಗೆಳೆಯರಾಗಿದ್ದುದರಿಂದಲೇ ಹಾಗಾಯಿತು. ಆ ಹಿರಿಯರು ಮೂರು ವಾರ ಪ್ರತಿದಿನ ನನ್ನ ಜೊತೆ ನಿಂತರು. ಕೊನೆಯ ವಾರದಲ್ಲಿ ಒಮ್ಮೆ, ಒಂದೇ ಒಂದು ಸಲ, ಅವರು ಬಿದ್ದರು. ಎದ್ದು ಬಾಗಿ ವಂದಿಸಿದರು. ನನ್ನ ಜೀವನದಲ್ಲಿ ಪದಕವೆಂದು ಕರೆಯಬಹುದಾದದ್ದು ಅದು.

36ರಲ್ಲಿ ಮಂಗಳೂರಿಗೆ ಮರಳಿ ಕದ್ರಿಯ ಬಳಿ ಒಂದು ಹಳೆಯ ಮನೆಯ ಚಾವಡಿಯನ್ನು ಬಾಡಿಗೆಗೆ ಹಿಡಿದೆ. ಕಾವಿ ನೆಲ. ಹಾಸು ಕೊಳ್ಳಲು ಹಣವಿರಲಿಲ್ಲ. ಗೋಣಿಚೀಲಗಳಿಗೆ ತೆಂಗಿನ ನಾರು ತುಂಬಿ ಹೊಲಿದು, ಮೇಲೆ ಟಾರ್ಪಾಲು ಬಿಗಿದೆವು. ಆಷಾಢದಲ್ಲಿ ಅದು ಬೂಸ್ಟು ಹಿಡಿದು ವಾಸನೆ ಬರುತ್ತಿತ್ತು, ಬಿಸಿಲು ಬಂದ ದಿನ ಎಲ್ಲರೂ ಸೇರಿ ಅಂಗಳಕ್ಕೆ ಹೊತ್ತು ಒಣಗಿಸುತ್ತಿದ್ದೆವು. ಬಂದರಿನಲ್ಲಿ ದುಡಿಯುವವರು, ಕಾಲೇಜಿನ ಹುಡುಗರು, ಒಬ್ಬ ದರ್ಜಿ. ಎರಡನೆಯ ವರ್ಷ ನಾನು ಒಂದು ತಪ್ಪು ಮಾಡಿದೆ. ‘ಶಿಹೊನಾಗೆ’ಯಲ್ಲಿ ಉಕೆಯ ಕೈ ಮಡಚಿ ಅವನ ಹೆಗಲ ಹಿಂದಕ್ಕೆ ಹೋಗುತ್ತದೆ, ಅವನು ನೇರ ಹಿಂದಕ್ಕೆ ಬೀಳುತ್ತಾನೆ, ಕೈ ನಮ್ಮ ಹಿಡಿತದಲ್ಲಿರುವುದರಿಂದ ಅದನ್ನು ಬಳಸಿ ತಲೆ ಉಳಿಸಿಕೊಳ್ಳಲು ಆಗುವುದಿಲ್ಲ. ಎರಡು ತಿಂಗಳಷ್ಟೇ ಕಲಿತ ಹುಡುಗನನ್ನು ನಾನು ಅವಸರದಿಂದ ಕೆಳಗೆ ಎಳೆದೆ. ಹಿಂದಲೆ ನೆಲಕ್ಕೆ ಬಡಿಯಿತು. ಕೆಲವು ಕ್ಷಣ ಅವನಿಗೆ ಪ್ರಜ್ಞೆಯಿರಲಿಲ್ಲ. ಆಸ್ಪತ್ರೆಯಲ್ಲಿ ಒಂದು ರಾತ್ರಿ ಕಳೆದು ಅವನು ಚೇತರಿಸಿಕೊಂಡ. ಅವನ ತಾಯಿ ನನ್ನನ್ನು ಬೈಯಲಿಲ್ಲ. “ಅವನಿಗೆ ಬೀಳಲು ಕಲಿಸಿದ್ದಿರಾ?” ಎಂದಷ್ಟೇ ಕೇಳಿದರು.

ಜಪಾನಿನ ವಿಶ್ವವಿದ್ಯಾಲಯಗಳ ಐಕಿಡೊ ಕ್ಲಬ್ಬುಗಳಲ್ಲಿ ಇದೇ ಪಟ್ಟಿನಿಂದ ತಲೆಗೆ ಪೆಟ್ಟಾಗಿ ಸಾವುಗಳೇ ಸಂಭವಿಸಿವೆ ಎಂದು ನಾನು ಓದಿದ್ದು ಆಮೇಲೆ. ಅಂದಿನಿಂದ ನನ್ನ ಬಳಿ ಬರುವವರಿಗೆ ಮೊದಲ ಮೂರು ತಿಂಗಳು ಬೀಳುವುದು, ಏಳುವುದು, ಹಿಡಿಯುವುದು ಮಾತ್ರ. ಬೇಸರಗೊಂಡು ಬಿಟ್ಟುಹೋದವರು ಅನೇಕರು. ನೀವು ಸೇರುವ ಡೋಜೋ ಯಾವುದೇ ಇರಲಿ, ಆ ತಾಯಿಯ ಪ್ರಶ್ನೆಯನ್ನು ಮೊದಲೇ ಕೇಳಿ. ಕಲಿಸುವವರ ಮುಖ ನೋಡಿದರೆ ಉತ್ತರ ಗೊತ್ತಾಗುತ್ತದೆ.

ಬೀಳುವುದು ಹೇಗೆ? ಮುಂದಕ್ಕಾದರೆ ಕಿರುಬೆರಳಿನ ಅಂಚಿನಿಂದ ಮುಂಗೈ, ಮೊಣಕೈಯ ಹೊರಬದಿ, ಹೆಗಲು, ಅಲ್ಲಿಂದ ಬೆನ್ನಿಗೆ ಅಡ್ಡಲಾಗಿ ಎದುರು ಬದಿಯ ಸೊಂಟಕ್ಕೆ, ಬಂಡಿಯ ಗಾಲಿ ಉರುಳಿದಂತೆ. ಬೆನ್ನುಮೂಳೆಯ ನೇರಕ್ಕೆ ಉರುಳಬಾರದು. ಹಿಂದಕ್ಕಾದರೆ ಒಂದು ಕಾಲು ಮಡಚಿ ಕುಳಿತಂತೆ ಇಳಿದು, ಗಲ್ಲವನ್ನು ಎದೆಗೆ ಒತ್ತಿ, ಕಣ್ಣನ್ನು ನಡುಪಟ್ಟಿಯ ಗಂಟಿನ ಮೇಲಿಡುವುದು. ಕೈಯನ್ನು ಚಾಚಿ ನೆಲಕ್ಕೆ ಊರಲೇಬಾರದು. ಕೈ ಊರುವುದು ಮನುಷ್ಯನ ಹುಟ್ಟುಗುಣ, ಅದನ್ನು ಬಿಡಿಸಲು ತಿಂಗಳುಗಳು ಬೇಕು. ನಮ್ಮಲ್ಲಿ ಒಬ್ಬ ಹುಡುಗ ಹತ್ತನೆಯ ವಯಸ್ಸಿನಿಂದ ದಸರಾದಲ್ಲಿ ಹುಲಿವೇಷ ಹಾಕಿದವನು. ಮೊದಲ ದಿನವೇ ಅವನ ಲಾಗ ನೋಡಿ ಎಲ್ಲರೂ ಬೆರಗಾದರು. ಆದರೆ ಅವನಿಗೆ ಯಾರೂ ಎಸೆಯುವ ಮೊದಲೇ ಹಾರುವ ಅಭ್ಯಾಸ. ಕಾಯುವುದನ್ನು ಕಲಿಯಲು ಅವನಿಗೆ ಆರು ತಿಂಗಳು ಹಿಡಿಯಿತು. ಇಂದು ನಾನು ಕಂಡ ಅತ್ಯುತ್ತಮ ಉಕೆಗಳಲ್ಲಿ ಅವನೊಬ್ಬ.

ಐದು ವರ್ಷದ ಹಿಂದೆ ಜೂನ್ ತಿಂಗಳ ಒಂದು ಬೆಳಗ್ಗೆ ಪಂಪು ಹಾಕಲು ಹೋದವನು ಪಾಚಿ ಕಟ್ಟಿದ ಕೆಂಪುಕಲ್ಲಿನ ಮೆಟ್ಟಿಲಲ್ಲಿ ಜಾರಿದೆ. ಯೋಚಿಸಲು ಸಮಯವಿರಲಿಲ್ಲ. ಗಲ್ಲ ಎದೆಗೆ ಬಂದಿತ್ತು, ಕೈ ಒಳಗಿತ್ತು, ಬೆನ್ನಿಗೆ ತರಚುಗಾಯ ಬಿಟ್ಟರೆ ಏನೂ ಆಗಲಿಲ್ಲ. ಅದೇ ಮಳೆಗಾಲದಲ್ಲಿ ನನ್ನದೇ ವಯಸ್ಸಿನ ನೆರೆಮನೆಯವರು ಅಂಗಳದಲ್ಲಿ ಜಾರಿ, ಕೈ ಊರಿ, ಮಣಿಕಟ್ಟಿನ ಮೂಳೆ ಮುರಿದುಕೊಂಡರು. ನಲವತ್ತು ವರ್ಷದಲ್ಲಿ ನನ್ನ ಮೇಲೆ ಯಾರೂ ಕೈಮಾಡಿಲ್ಲ. ನೆಲ ಮಾತ್ರ ಒಮ್ಮೆ ದಾಳಿ ಮಾಡಿತು. ಅದಾದ ಮೇಲೆ ಭಾನುವಾರ ಬೆಳಗ್ಗೆ ಹಿರಿಯರಿಗಾಗಿ ಒಂದು ಗಂಟೆ ಇಟ್ಟಿದ್ದೇನೆ. ಅಲ್ಲಿ ಎಸೆತವಿಲ್ಲ. ನೆಲದಲ್ಲಿ ಕುಳಿತು ಹಿಂದಕ್ಕೆ ಉರುಳುವುದು, ಯಾರ ಸಹಾಯವೂ ಇಲ್ಲದೆ ಏಳುವುದು, ಇಷ್ಟೇ. ಮೂಳೆ ಸವೆದವರನ್ನು ವೈದ್ಯರ ಒಪ್ಪಿಗೆಯಿಲ್ಲದೆ ಸೇರಿಸಿಕೊಳ್ಳುವುದಿಲ್ಲ.

ನಿಮ್ಮ ಮಂಡಿಯ ವಿಷಯದಲ್ಲಿ ನಾನು ಕಟ್ಟುನಿಟ್ಟಾಗಿ ಹೇಳುತ್ತೇನೆ, ಏಕೆಂದರೆ ನನ್ನ ಎರಡೂ ಮಂಡಿಗಳು ನನ್ನ ಹಟದಿಂದಲೇ ಕೆಟ್ಟವು. ಐಕಿಡೊದಲ್ಲಿ ಮಂಡಿಯೂರಿ ನಡೆಯುವ ‘ಶಿಕ್ಕೊ’ ಇದೆ, ಹಾಗೆ ಕುಳಿತೇ ಮಾಡುವ ಪಟ್ಟುಗಳಿವೆ. ಬಡಗುತಿಟ್ಟಿನ ಯಕ್ಷಗಾನ ಕಲಾವಿದರು ಮಂಡಿ ಹಾಕುವುದನ್ನು ನೋಡಿ ಬೆಳೆದ ನನಗೆ ಅದು ಬಹಳ ಪ್ರಿಯವಾಗಿತ್ತು, ಗಟ್ಟಿ ನೆಲದ ಮೇಲೆ ಹತ್ತು ವರ್ಷ ಮಾಡಿದೆ. ನೀವು ಮೊದಲು ಮೂಳೆತಜ್ಞರಿಗೆ ತೋರಿಸಿ. ಕುಳಿತು ಮಾಡುವ ಪಟ್ಟುಗಳನ್ನು ಪೂರ್ತಿಯಾಗಿ ಬಿಡಿ. ಮಂಡಿ ಮಡಚಿ ಕೂರುವಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳಿ, ಒಳ್ಳೆಯ ಗುರುಗಳು ಯಾರೂ ಅದಕ್ಕೆ ಆಕ್ಷೇಪಿಸುವುದಿಲ್ಲ. ತಿರುಗುವಾಗ ಪಾದದ ಮುಂಭಾಗದ ಮೇಲೆ ತಿರುಗಿ, ಕಾಲ್ಬೆರಳು ನೋಡುವ ದಿಕ್ಕನ್ನೇ ಮಂಡಿಯೂ ನೋಡುತ್ತಿರಲಿ. ಪಾದ ನೆಲಕ್ಕೆ ಅಂಟಿಕೊಂಡು ಮೈ ಮಾತ್ರ ತಿರುಗಿದಾಗ ಮಂಡಿ ಹಾಳಾಗುತ್ತದೆ.

ಸ್ಪರ್ಧೆಯ ಬಗ್ಗೆ ಎಲ್ಲರೂ ಒಂದೇ ಅಭಿಪ್ರಾಯದವರಲ್ಲ. ಉಯೆಶಿಬಾ ಅವರು 1940ರಲ್ಲಿ ಎಂಟನೆಯ ದಾನ್, ಅಂದರೆ ಕಪ್ಪು ಬೆಲ್ಟಿನ ಎಂಟನೆಯ ದರ್ಜೆ, ಕೊಟ್ಟ ಮೊದಲ ಶಿಷ್ಯ ಕೆಂಜಿ ತೊಮಿಕಿ. ಸ್ಪರ್ಧೆಯಿಲ್ಲದೆ ವಿದ್ಯೆ ಸತ್ಯವಾಗಿ ಉಳಿಯದು ಎಂದು ನಂಬಿ, ಗುರುವಿಗೆ ಇಷ್ಟವಿಲ್ಲದಿದ್ದರೂ, ಅವರು ಸ್ಪರ್ಧೆಯಿರುವ ಐಕಿಡೊವನ್ನು ಬೆಳೆಸಿದರು. ದಾದರಿನ ಆ ಐದು ವರ್ಷಗಳನ್ನು ನೆನೆದಾಗ ತೊಮಿಕಿಯವರ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ನಾನು ಸ್ಪರ್ಧೆಯಿಲ್ಲದ ದಾರಿಯಲ್ಲೇ ಉಳಿದಿದ್ದೇನೆ. ಗೆಲ್ಲಲೇಬೇಕಾದಾಗ ಇಪ್ಪತ್ತರ ಹುಡುಗ ಅರವತ್ತರವನ ಕೈ ಹಿಡಿಯುವುದಿಲ್ಲ. ಗೆಲುವು ಇಲ್ಲದಿರುವುದರಿಂದ ನಮ್ಮ ಹಾಸಿನ ಮೇಲೆ ಇಬ್ಬರೂ ಒಂದು ಗಂಟೆ ಜೊತೆಗಿರುತ್ತಾರೆ. ಸತ್ಯವನ್ನು ಕಾಯುವ ಹೊಣೆ ಆಗ ಉಕೆಯ ಮೇಲೆ ಬೀಳುತ್ತದೆ. ನಿಮ್ಮ ಮಗಳು ಕರಾಟೆಯಲ್ಲೇ ಮುಂದುವರಿಯಲಿ, ಅವಳ ವಯಸ್ಸಿಗೆ ಸ್ಪರ್ಧೆ ಬಹಳ ಕೊಡುತ್ತದೆ.

ಇಪ್ಪತ್ತರ ಹರೆಯದಲ್ಲಿ ಈ ಪಟ್ಟುಗಳನ್ನು ತೋಳಿನಿಂದ ಮಾಡಿದೆ, ನಲವತ್ತರಲ್ಲಿ ಸೊಂಟದಿಂದ. ಈಗ 66, ಎತ್ತರದ ಎಸೆತಕ್ಕೆ ನನ್ನ ದೇಹ ಹಾರುವುದಿಲ್ಲ, ಮಂಡಿ ಊರಲಾಗುವುದಿಲ್ಲ. ಈಗ ನನಗೆ ಅತ್ಯಂತ ಇಷ್ಟದ ಕೆಲಸ ಹೊಸಬರಿಗೆ ಉಕೆಯಾಗಿ ನಿಲ್ಲುವುದು. ಅವರ ಮಣಿಕಟ್ಟು ಹಿಡಿದು, ತಡೆಯದೆ, ಬೀಳದೆ, ಹೆಗಲು ಯಾವಾಗ ಏರುತ್ತದೆಂದು ಕೈಯಿಂದ ಕೇಳುತ್ತಾ ನಿಲ್ಲುತ್ತೇನೆ. ಕೆಲವೊಮ್ಮೆ ಆರು ತಿಂಗಳಾದ ಮೇಲೆ ಒಂದು ಸಂಜೆ ಆ ಹೆಗಲು ಏರುವುದಿಲ್ಲ, ನನ್ನ ಹಿಮ್ಮಡಿ ನನಗೆ ತಿಳಿಯದಂತೆ ನೆಲ ಬಿಡುತ್ತದೆ. ಮರುದಿನ ಮತ್ತೆ ಹೋಗಬೇಕೆನ್ನಿಸುವುದು ಆ ಸಂಜೆಗಾಗಿ. ಮಕ್ಕಳಿಗೆ ಪಾಠ ಹೇಳುವ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ನಿಮ್ಮ ಕರಾಟೆ ವ್ಯರ್ಥವಾಗುವುದಿಲ್ಲ. ನಿಜವಾಗಿ ಗುದ್ದಲು ಬರುವ ಉಕೆ ಯಾವ ಡೋಜೋಗೂ ವರ. ಕರಾಟೆಯಲ್ಲಿ ಗುದ್ದಿದ ಮುಷ್ಟಿಯನ್ನು ಥಟ್ಟನೆ ಹಿಂದಕ್ಕೆ ಸೆಳೆಯುವ ರೂಢಿಯಿದೆ, ಇಲ್ಲಿ ಭಾರವನ್ನು ಅದರೊಂದಿಗೆ ಮುಂದಕ್ಕೆ ಹೋಗಲು ಬಿಡಬೇಕಾಗುತ್ತದೆ. ಮೊದಲ ವರ್ಷ ಅದು ನಿಮಗೆ ಅಪಾಯವೆನ್ನಿಸುತ್ತದೆ, ಅನ್ನಿಸಲಿ. ಮಳೆ ನಿಂತ ಮೇಲೆ ಸೇರುತ್ತೇನೆಂದು ಕಾಯಬೇಡಿ. ಉಗುರು ಕತ್ತರಿಸಿ, ಬಳೆ ಕಿವಿಯೋಲೆ ಮನೆಯಲ್ಲೇ ಬಿಟ್ಟು ಬನ್ನಿ. ಕರಾಟೆಯ ಹಳೆಯ ಬಿಳಿ ಉಡುಪು ಪೆಟ್ಟಿಗೆಯಲ್ಲಿದ್ದರೆ ಅದೇ ಸಾಕು. ನಡುಪಟ್ಟಿ ಮಾತ್ರ ಬಿಳಿಯದೊಂದು ಹೊಸದಾಗಿ ಕೊಳ್ಳಿ.